ವೇಗದಲ್ಲಿ ಓದುವವನಿಗಾಗಿ ಬರೆದ ಅಕ್ಷರ

ಲಿಪಿಯು ಹುಟ್ಟಿದ ಕಾಲದಿಂದ ತೀರ ಇತ್ತೀಚಿನವರೆಗೆ ಓದುವವನು ನಿಂತೋ ಕುಳಿತೋ ಓದುತ್ತಿದ್ದನು. ಶಿಲಾಶಾಸನದ ಮುಂದೆ ದಾರಿಹೋಕನು ನಿಲ್ಲುತ್ತಿದ್ದನು, ಓಲೆಯ ಕಟ್ಟಿನ ಮುಂದೆ ಪಂಡಿತನು ಕುಳಿತಿರುತ್ತಿದ್ದನು, ಒಮ್ಮೆಗೆ ತಿಳಿಯದಿದ್ದರೆ ಮತ್ತೊಮ್ಮೆ ಕಣ್ಣಾಡಿಸುವ ಅವಕಾಶವು ಇಬ್ಬರಿಗೂ ಇದ್ದಿತು. ಗಂಟೆಗೆ 70 ಮೈಲಿಯ ವೇಗದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು 31 ಮೀಟರಿನಂತೆ, ಧಾವಿಸುವ ಚಾಲಕನಿಗೆ ಆ ಅವಕಾಶವಿಲ್ಲ. ಅವನ ಕಣ್ಣು ದಾರಿಯಲ್ಲಿ ನೆಟ್ಟಿರಬೇಕು, ಕೈ ಚಕ್ರದ ಮೇಲಿರಬೇಕು. ಇವೆರಡರ ನಡುವೆ ಉಳಿದ ಕ್ಷಣಾರ್ಧದಲ್ಲಿ ಮುಂದಿನ ಊರಾವುದು, ತಿರುವು ಎತ್ತಣದು ಎಂಬುದು ಅವನ ಮನಸ್ಸಿಗೆ ಇಳಿಯಬೇಕು. ಈ ಹೊಸ ಬಗೆಯ ಓದುಗನನ್ನು ಗಂಭೀರವಾಗಿ ಪರಿಗಣಿಸಿ, ಅವನಿಗಾಗಿಯೇ ಅಕ್ಷರವನ್ನೂ ಚಿತ್ರವನ್ನೂ ಮೊದಲಿನಿಂದ ಆಲೋಚಿಸಿ ರಚಿಸಿದವರಲ್ಲಿ ಅಗ್ರಗಣ್ಯರೆಂದು ನಾನು ಎಣಿಸುವುದು ಇಂಗ್ಲೆಂಡಿನ ಜಾಕ್ ಕಿನ್ನೀರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ಎಂಬ ಇಬ್ಬರು ವಿನ್ಯಾಸಕಾರರನ್ನು.

ಅವರು ಕೈಯಿಡುವುದಕ್ಕೆ ಮುನ್ನ ಬ್ರಿಟನ್ನಿನ ರಸ್ತೆಗಳ ಬದಿಯಲ್ಲಿ ಅಕ್ಷರಗಳಿಗೇನೂ ಕೊರತೆಯಿರಲಿಲ್ಲ, ಅವು ಮಿತಿಮೀರಿದ್ದುವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೈಕಲ್ ಸವಾರರ ಸಂಘಗಳು ಕಡಿದಾದ ಇಳಿಜಾರುಗಳ ನೆತ್ತಿಯಲ್ಲಿ ಎಚ್ಚರಿಕೆಯ ಹಲಗೆಗಳನ್ನು ನಿಲ್ಲಿಸಿದುವು. ಆಮೇಲೆ ಮೋಟಾರು ಸಂಘಗಳು ತಮ್ಮ ತಮ್ಮ ಫಲಕಗಳನ್ನು ನೆಟ್ಟುವು. ಸ್ಥಳೀಯ ಆಡಳಿತಗಳೂ ಸರ್ಕಾರದ ಇಲಾಖೆಗಳೂ ತಮಗೆ ತೋರಿದಂತೆ ಬರೆಯಿಸಿದುವು. 1961ರಲ್ಲಿ ಹರ್ಬರ್ಟ್ ಸ್ಪೆನ್ಸರ್ ಎಂಬ ಮುದ್ರಣಕಲಾವಿದನು ಲಂಡನ್ನಿನ ಮಧ್ಯಭಾಗದಿಂದ ಹೀಥ್ರೂ ವಿಮಾನನಿಲ್ದಾಣದ ವರೆಗಿನ ದಾರಿಯಲ್ಲಿ ಕಂಡ ಫಲಕಗಳನ್ನೆಲ್ಲ ಛಾಯಾಚಿತ್ರ ತೆಗೆದು, ತನ್ನ ‘ಟೈಪೋಗ್ರಾಫಿಕಾ’ ಪತ್ರಿಕೆಯಲ್ಲಿ ಸಾಲಾಗಿ ಅಚ್ಚು ಹಾಕಿಸಿದನು. ಒಂದೇ ದಾರಿಯಲ್ಲಿ ಅಷ್ಟು ಬಗೆಯ ಅಕ್ಷರ, ಅಷ್ಟು ಬಗೆಯ ಬಣ್ಣ, ಒಂದರ ಮಾತನ್ನು ಇನ್ನೊಂದು ನುಂಗುವ ಅಷ್ಟು ಆಜ್ಞೆಗಳು! ಆ ಚಿತ್ರಗಳಿಗೆ ಟೀಕೆಯ ಅಗತ್ಯವೇ ಬೀಳಲಿಲ್ಲ.

ಅಷ್ಟರಲ್ಲಿ ಪರಿವರ್ತನೆಗೆ ಬೀಜ ಬಿದ್ದಿದ್ದಿತು. ಬ್ರಿಟನ್ನಿಗೆ ಹೊಸದಾಗಿದ್ದ ಮೋಟಾರು ಹೆದ್ದಾರಿಗಳಿಗೆ ಫಲಕಗಳು ಹೇಗಿರಬೇಕೆಂದು ನಿರ್ಧರಿಸಲು 1957ರಲ್ಲಿ ಸರ್ಕಾರವು ಸರ್ ಕಾಲಿನ್ ಆಂಡರ್ಸನ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಆಂಡರ್ಸನ್ ಹಡಗು ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದವರು. ಆ ಸಂಸ್ಥೆಯ ಪ್ರಯಾಣಿಕರ ಸಾಮಾನುಗಳಿಗೆ ಅಂಟಿಸುವ ಚೀಟಿಗಳನ್ನು ಕಿನ್ನೀರ್ ರಚಿಸಿಕೊಟ್ಟಿದ್ದುದು ಅವರಿಗೆ ಮೆಚ್ಚಿಗೆಯಾಗಿತ್ತು. ಪೆಟ್ಟಿಗೆಯ ಮೇಲಿನ ಚೀಟಿಯನ್ನು ಶ್ರದ್ಧೆಯಿಂದ ಮಾಡಿದವನಿಗೆ ರಾಷ್ಟ್ರದ ಹೆದ್ದಾರಿಯನ್ನು ಒಪ್ಪಿಸಬಹುದೆಂದು ಎಣಿಸಿದ ಆ ಅಧ್ಯಕ್ಷರ ವಿವೇಚನೆಯು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಕಿನ್ನೀರ್ ಆಗ ಗ್ಯಾಟ್‌ವಿಕ್ ವಿಮಾನನಿಲ್ದಾಣದ ಸೂಚನಾಫಲಕಗಳ ಕೆಲಸದಲ್ಲಿದ್ದರು. ಅದಕ್ಕೆ ಸಹಾಯಕಿಯಾಗಿ ಅವರು ಕರೆದುಕೊಂಡವರು ಚೆಲ್ಸಿ ಕಲಾಶಾಲೆಯಲ್ಲಿ ತಮ್ಮ ವಿದ್ಯಾರ್ಥಿನಿಯಾಗಿದ್ದ ಕ್ಯಾಲ್ವರ್ಟ್. ದಕ್ಷಿಣ ಆಫ್ರಿಕದಲ್ಲಿ 1936ರಲ್ಲಿ ಹುಟ್ಟಿ, ಬಾಲ್ಯ ಮುಗಿಯುವ ಹೊತ್ತಿಗೆ ಇಂಗ್ಲೆಂಡಿಗೆ ಬಂದಿದ್ದ ಈಕೆಗೆ ಆಗ ಇಪ್ಪತ್ತರ ಆಸುಪಾಸಿನ ವಯಸ್ಸು.

ಹೆದ್ದಾರಿಯ ಕೆಲಸವನ್ನು ಕಿನ್ನೀರ್ ಅಕ್ಷರದಿಂದ ಆರಂಭಿಸಲಿಲ್ಲ, ಪ್ರಶ್ನೆಯಿಂದ ಆರಂಭಿಸಿದರು: ವೇಗದಲ್ಲಿ ಹೋಗುತ್ತಿರುವ ನನಗೆ ಈ ಕ್ಷಣದಲ್ಲಿ ತಿಳಿಯಬೇಕಾದುದು ಏನು? ಉಳಿದುದೆಲ್ಲವೂ ಈ ಒಂದು ಪ್ರಶ್ನೆಯಿಂದ ಹೊರಟಿತು. ಜರ್ಮನಿಯ ರಸ್ತೆಗಳಲ್ಲಿ ಬಳಕೆಯಲ್ಲಿದ್ದ ‘ಡಿನ್’ ಅಕ್ಷರಗಳನ್ನೇ ತಂದುಕೊಳ್ಳಬಹುದೆಂಬ ಒಲವು ಸಮಿತಿಯಲ್ಲಿದ್ದಿತು. ಅವು ಒರಟಾಗಿವೆ, ಇಂಗ್ಲೆಂಡಿನ ಭೂದೃಶ್ಯಕ್ಕೆ ಒಪ್ಪವೆಂದು ಇವರು ಹೊಸ ಅಕ್ಷರಗಳನ್ನೇ ಬರೆದರು. ಮುಂದೆ ‘ಟ್ರಾನ್ಸ್‌ಪೋರ್ಟ್’ ಎಂಬ ಹೆಸರಿನಿಂದ ಪ್ರಸಿದ್ಧವಾದುದು ಇದೇ. ಇದರ ಸೂಕ್ಷ್ಮಗಳನ್ನು ಹತ್ತಿರದಿಂದ ನೋಡಿದವರಿಗೆ ಇವರ ಮನಸ್ಸಿನ ಹದ ಗೊತ್ತಾಗುತ್ತದೆ. ಇಂಗ್ಲಿಷಿನ ಚಿಕ್ಕ ‘ಎಲ್’ ಅಕ್ಷರವು ದೊಡ್ಡ ‘ಐ’ ಎಂದು ಭ್ರಮೆ ಹುಟ್ಟಿಸದಂತೆ ಅದರ ಬುಡವನ್ನು ಸ್ವಲ್ಪ ಬಾಗಿಸಿದರು. ಗಾಢವರ್ಣದ ಹಲಗೆಯ ಮೇಲಿನ ಬಿಳಿಯ ಅಕ್ಷರವು ದೀಪದ ಬೆಳಕಿಗೆ ಉಬ್ಬಿದಂತೆ ಕಾಣುವುದು, ಬಿಳಿಯ ಮೇಲಿನ ಕರಿಯಕ್ಷರವು ಕೃಶವಾಗಿ ಕಾಣುವುದು. ಆದುದರಿಂದ ಮೊದಲನೆಯದಕ್ಕೆ ತೆಳ್ಳನೆಯ ರೂಪವನ್ನೂ ಎರಡನೆಯದಕ್ಕೆ ದಪ್ಪನೆಯ ರೂಪವನ್ನೂ ಬೇರೆ ಬೇರೆಯಾಗಿ ರಚಿಸಿದರು. ಕಾರ್ಖಾನೆಯಲ್ಲಿ ಹಲಗೆಗೆ ಅಕ್ಷರ ಕೂಡಿಸುವವನು ಕಲಾವಿದನಾಗಿರಬೇಕಿಲ್ಲ. ಅವನ ಕೈಯಲ್ಲಿ ತಪ್ಪಾಗದಂತೆ, ಪ್ರತಿಯೊಂದು ಅಕ್ಷರವನ್ನೂ ಅದರದರ ಅಗಲಕ್ಕೆ ತಕ್ಕ ಒಂದು ಬಿಲ್ಲೆಯೊಳಗೆ ಕೂರಿಸಿ, ಬಿಲ್ಲೆಗೆ ಬಿಲ್ಲೆ ತಾಗಿಸಿದರೆ ಅಂತರವು ತಾನಾಗಿ ಸರಿಹೋಗುವಂತೆ ಮಾಡಿದರು. ಹಲಗೆಯ ಅಳತೆಯನ್ನು ಮೊದಲು ನಿಶ್ಚಯಿಸಿ ಮಾತನ್ನು ಅದರೊಳಗೆ ತುರುಕುವ ವಾಡಿಕೆಯನ್ನು ಬಿಟ್ಟು, ಮಾತಿನ ಅಗತ್ಯಕ್ಕೆ ತಕ್ಕಂತೆ ಹಲಗೆಯು ಬೆಳೆಯಲಿ ಎಂದರು. ಮಾದರಿಗಳನ್ನು ನೆಲಮಾಳಿಗೆಯ ವಾಹನತಾಣವೊಂದರಲ್ಲಿ ಪರೀಕ್ಷಿಸಿದರು. ಹೈಡ್ ಪಾರ್ಕಿನಲ್ಲಿ ಮರಗಳಿಗೆ ಒರಗಿಸಿಟ್ಟು, ಯಾವ ಹಿನ್ನೆಲೆಯ ಬಣ್ಣವು ಎಷ್ಟು ಚೆನ್ನಾಗಿ ಎದ್ದು ತೋರುವುದೆಂದು ದೂರ ನಿಂತು ನೋಡಿದರು. 1958ರ ಡಿಸೆಂಬರ್ 5ರಂದು ಪ್ರಧಾನಮಂತ್ರಿ ಹೆರಾಲ್ಡ್ ಮ್ಯಾಕ್‌ಮಿಲನ್ ಪ್ರೆಸ್ಟನ್ ಊರಿನ ಹೊರವಳಯದ ಸುಮಾರು 8 ಮೈಲಿಯ ಹೆದ್ದಾರಿಯನ್ನು, ಬ್ರಿಟನ್ನಿನಲ್ಲಿ ಮೊತ್ತಮೊದಲನೆಯದನ್ನು, ಉದ್ಘಾಟಿಸಿದಾಗ ಅಲ್ಲಿ ನಿಂತಿದ್ದುವು ಈ ಫಲಕಗಳು.

ವಿರೋಧವೂ ಹುಟ್ಟಿತು, ಅದು ಅಲ್ಪರಿಂದ ಹುಟ್ಟಿದ ವಿರೋಧವಲ್ಲ. ಕಲ್ಲಿನಲ್ಲಿ ಅಕ್ಷರ ಕೆತ್ತುವ ವಿದ್ಯೆಯನ್ನು ಎರಿಕ್ ಗಿಲ್ ಅವರ ಕಾರ್ಯಶಾಲೆಯಲ್ಲಿ ಕಲಿತಿದ್ದ ಡೇವಿಡ್ ಕಿಂಡರ್ಸ್ಲಿ, ಊರ ಹೆಸರುಗಳಿಗೆ ದೊಡ್ಡಕ್ಷರಗಳೇ ಯೋಗ್ಯವೆಂದೂ, ಅಷ್ಟೇ ವಿಸ್ತಾರದ ಹಲಗೆಯಲ್ಲಿ ಅವನ್ನು ಇನ್ನೂ ದೊಡ್ಡದಾಗಿ ಬರೆಯಬಹುದೆಂದೂ ವಾದಿಸಿ, ತಮ್ಮದೇ ಆದ ಅಕ್ಷರವಿನ್ಯಾಸವನ್ನು ಮುಂದಿಟ್ಟರು. ಕಿನ್ನೀರ್ ಪಕ್ಷದ ನಂಬಿಕೆ ಬೇರೆ: ಮೊದಲಕ್ಷರ ಮಾತ್ರ ದೊಡ್ಡದಾಗಿ ಉಳಿದುವು ಚಿಕ್ಕವಾಗಿದ್ದರೆ ಮೇಲೇಳುವ, ಕೆಳಗಿಳಿಯುವ ಗೆರೆಗಳಿಂದ ಹೆಸರಿಗೆ ಒಂದು ಆಕೃತಿ ಬರುತ್ತದೆ, ಅಕ್ಷರಗಳು ಬಿಡಿಬಿಡಿಯಾಗಿ ಕಾಣುವ ಮೊದಲೇ ಆ ಆಕೃತಿಯಿಂದ ಹೆಸರು ಗುರುತು ಸಿಕ್ಕುತ್ತದೆ. ತೀರ್ಮಾನಕ್ಕಾಗಿ ಆಕ್ಸ್‌ಫರ್ಡ್ ಪ್ರಾಂತದ ಬೆನ್ಸನ್ ವಿಮಾನನೆಲೆಯಲ್ಲಿ ವೇದಿಕೆಯೊಂದರ ಮೇಲೆ ಜನರನ್ನು ಕುಳ್ಳಿರಿಸಿ, ಫಲಕ ಹೊತ್ತ ಕಾರನ್ನು ಅವರೆಡೆಗೆ ಓಡಿಸಿ, ಎಷ್ಟು ದೂರದಲ್ಲಿ ಓದಲಾಯಿತೆಂದು ಅಳೆದರು. ಕಿಂಡರ್ಸ್ಲಿಯವರ ಅಕ್ಷರವು ಕೂದಲೆಳೆಯಷ್ಟು ಮುಂದೆ ಬಂದಿತು. ಅಷ್ಟು ಅಂತರವನ್ನು ಗಣನೆಗೆ ತಾರದೆ, ರೂಪಸೌಷ್ಠವವನ್ನು ಕಂಡು ಕಿನ್ನೀರರ ಅಕ್ಷರವನ್ನೇ ಉಳಿಸಿಕೊಂಡರು. ಸೋತ ಪಕ್ಷವನ್ನು ನಾನು ಹಗುರವಾಗಿ ಎಣಿಸಲಾರೆ. ಉಭಯರೂ ಅಪರಿಚಿತನಾದ ಒಬ್ಬ ಪ್ರಯಾಣಿಕನ ಹಿತಕ್ಕಾಗಿ ಜಗಳವಾಡಿದರು.

ಈ ವಾದವನ್ನು ಕನ್ನಡದ ಕಣ್ಣಿನಿಂದ ನೋಡಿದರೆ ಒಂದು ವಿಚಾರ ಹೊಳೆಯುತ್ತದೆ. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೇ ನಮ್ಮ ಲಿಪಿಯಲ್ಲಿಲ್ಲ. ಅವರು ಪ್ರಯತ್ನದಿಂದ ಸಂಪಾದಿಸಿದ ಆಕೃತಿವೈವಿಧ್ಯವು ನಮ್ಮಲ್ಲಿ ಗುಡಿಸು, ದೀರ್ಘ, ಒತ್ತಕ್ಷರಗಳಿಂದ ಸಹಜವಾಗಿಯೇ ಒದಗಿದೆ. ಚಿಕ್ಕಮಗಳೂರು ಎಂಬ ಹೆಸರಿಗೂ ಹುಬ್ಬಳ್ಳಿ ಎಂಬ ಹೆಸರಿಗೂ ದೂರದಿಂದಲೇ ಬೇರೆ ಬೇರೆ ಚಹರೆಯಿದೆ. ಆದರೆ ಒತ್ತಕ್ಷರವು ಕೆಳಗೆ ಜಾಗ ಬೇಡುತ್ತದೆ. ಆ ಜಾಗವನ್ನು ಉಳಿಸುವ ಆತುರದಲ್ಲಿ ಒತ್ತನ್ನು ಕುಗ್ಗಿಸಿ ಬರೆದ ಫಲಕದಲ್ಲಿ, ದೂರದ ಓದಿಗೆ ಅತ್ಯಂತ ಉಪಯುಕ್ತವಾದ ಅಂಗವೇ ಮೊದಲು ಮಸಳಿಹೋಗುತ್ತದೆ. ನಮ್ಮ ಹೆದ್ದಾರಿಯ ಕನ್ನಡಕ್ಕೂ ವಿಮಾನನೆಲೆಯ ವೇದಿಕೆಯಂಥ ಪರೀಕ್ಷೆಯೊಂದು ನಡೆಯಬೇಕೆಂಬುದು ನನ್ನ ಮನಸ್ಸಿನ ಬಯಕೆ.

ಹೆದ್ದಾರಿಯ ಯಶಸ್ಸನ್ನು ಕಂಡ ಸರ್ಕಾರವು 1961ರಲ್ಲಿ ಸರ್ ವಾಲ್ಟರ್ ವರ್ಬಾಯ್ಸ್ ಅವರ ಅಧ್ಯಕ್ಷತೆಯಲ್ಲಿ ಎರಡನೆಯ ಸಮಿತಿಯನ್ನು ನೇಮಿಸಿ, ಉಳಿದ ಎಲ್ಲ ರಸ್ತೆಗಳ ಭಾರವನ್ನೂ ಅದಕ್ಕೆ ವಹಿಸಿತು. ಹೆದ್ದಾರಿಗೆ ನೀಲಿ, ಪ್ರಮುಖ ಮಾರ್ಗಗಳಿಗೆ ಹಳದಿಯ ಸಂಖ್ಯೆಗಳುಳ್ಳ ಗಾಢ ಹಸಿರು, ಇತರ ದಾರಿಗಳಿಗೆ ಬಿಳಿಯ ಮೇಲೆ ಕಪ್ಪು ಎಂದು ನಿಯಮವಾಯಿತು. ಕೂಡುದಾರಿಗಳನ್ನು ಮಾತಿನ ಪಟ್ಟಿಯಾಗಿ ಹೇಳದೆ, ಮೇಲಿನಿಂದ ಕಂಡ ನಕ್ಷೆಯಂತೆ ಬರೆದು, ಪ್ರಧಾನ ದಾರಿಗೆ ದಪ್ಪ ಗೆರೆಯನ್ನೂ ಕವಲಿಗೆ ಸಣ್ಣ ಗೆರೆಯನ್ನೂ ಕೊಟ್ಟರು. ಎಚ್ಚರಿಕೆಯ ವಿಷಯದಲ್ಲಿ ಮಾತನ್ನು ಆದಷ್ಟು ಬಿಟ್ಟು, ಯೂರೋಪಿನ ಇತರ ದೇಶಗಳಂತೆ ಕೆಂಪಂಚಿನ ತ್ರಿಕೋನದೊಳಗೆ ಚಿತ್ರಗಳನ್ನು ಇಟ್ಟರು.

ಆ ಚಿತ್ರಗಳಲ್ಲಿ ಹೆಚ್ಚಿನವು ಕ್ಯಾಲ್ವರ್ಟರ ಕೈಯವು. ಶಾಲೆ ಹತ್ತಿರವಿದೆಯೆಂದು ತಿಳಿಸಲು ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಜ್ಞಾನದ ಜ್ವಲಿಸುವ ಪಂಜಿನ ಚಿತ್ರವಿರುತ್ತಿತ್ತು. ಚಾಲಕನು ಪಂಜನ್ನು ಕಂಡು ಓಡಿಬರಬಹುದಾದ ಮಗುವನ್ನು ನೆನೆಯಬೇಕಾಗಿತ್ತು. ಅನಂತರದ ಚಿತ್ರದಲ್ಲಿ ಟೋಪಿ ತೊಟ್ಟ ಹುಡುಗನು ಮುಂದಾಗಿ ಹುಡುಗಿಯನ್ನು ಕರೆದೊಯ್ಯುತ್ತಿದ್ದನು. ಸಿರಿವಂತರ ಶಾಲೆಯ ಠೀವಿ ಅದರಲ್ಲಿದೆಯೆಂದು ಕಂಡ ಕ್ಯಾಲ್ವರ್ಟ್, ಟೋಪಿಯನ್ನೂ ಚೀಲವನ್ನೂ ತೆಗೆದುಹಾಕಿ, ಹಿರಿಯಳಾದ ಹುಡುಗಿಯು ಕಿರಿಯ ಹುಡುಗನ ಕೈ ಹಿಡಿದು ನಡೆಸುವಂತೆ ಬರೆದರು. ಆ ಹುಡುಗಿಗೆ ತಮ್ಮ ಬಾಲ್ಯದ ಭಾವಚಿತ್ರವೊಂದನ್ನೇ ಮಾದರಿಯಾಗಿಟ್ಟುಕೊಂಡರು. ದನಗಳ ಫಲಕದ ಹಸುವೂ ಕಲ್ಪಿತವಲ್ಲ: ವಾರ್ವಿಕ್ ಪ್ರಾಂತದಲ್ಲಿ ಬಂಧುಗಳ ಹೊಲಮನೆಯಲ್ಲಿ ಅವರು ಕಂಡಿದ್ದ, ಪೇಶನ್ಸ್ ಎಂಬ ಹೆಸರಿನ ಹಸು ಅದು. ಲಕ್ಷಾಂತರ ಜನರಿಗೆ ಒಂದೇ ಅರ್ಥವನ್ನು ಕೊಡಬೇಕಾದ ಚಿಹ್ನೆಯಲ್ಲಿ ವ್ಯಕ್ತಿವಿಶೇಷಕ್ಕೆ ಎಡೆಯಿಲ್ಲವೆಂದು ತೋರಬಹುದು. ಆದರೂ ಕಂಡ ಹಸುವನ್ನು ಬರೆದ ಕೈಗೆ ಬೆನ್ನಿನ ಇಳಿವು, ಕಾಲಿನ ನಿಲುವು ಸರಿಯಾಗಿ ಒದಗುವುದು, ಕಾಣದ ಹಸುವನ್ನು ಬರೆದರೆ ಒದಗದು.

1965ರ ಜನವರಿ 1ರಿಂದ ಈ ವ್ಯವಸ್ಥೆಯು ಜಾರಿಗೆ ಬಂದಿತು. ಭಾರತದ ರಸ್ತೆಗಳ ಕೆಂಪಂಚಿನ ತ್ರಿಕೋನಗಳೂ ಇದೇ ಕುಲದವು. ಅದೇ ವರ್ಷ ಬ್ರಿಟಿಷ್ ರೈಲು ತನ್ನ ಹೊಸ ಮುಖವನ್ನು ಜನರ ಮುಂದಿಟ್ಟಾಗ ನಿಲ್ದಾಣಗಳ ಫಲಕಗಳಿಗೆ ಕಿನ್ನೀರ್ ಮತ್ತು ಕ್ಯಾಲ್ವರ್ಟ್ ರಚಿಸಿದ ‘ರೈಲ್ ಆಲ್ಫಬೆಟ್’ ಬಂದಿತು. ಆಸ್ಪತ್ರೆಗಳ ಮೊಗಸಾಲೆಗಳಲ್ಲಿಯೂ ವಿಮಾನನಿಲ್ದಾಣಗಳಲ್ಲಿಯೂ ಅದು ಬಳಕೆಯಾಯಿತು. ಓಡುವವನಿಗೆ ಬರೆದ ಅಕ್ಷರ ಬೇರೆ, ನಡೆಯುವವನಿಗೆ ಬರೆದ ಅಕ್ಷರ ಬೇರೆ ಎಂಬ ವಿವೇಕ ಅವರಿಗಿದ್ದುದರಿಂದ, ರಸ್ತೆಯ ಅಕ್ಷರವನ್ನೇ ತಂದು ನಿಲ್ದಾಣದಲ್ಲಿ ತೂಗುಹಾಕಲಿಲ್ಲ. ಕಿನ್ನೀರ್ 1994ರಲ್ಲಿ ತೀರಿಕೊಂಡರು. ಕ್ಯಾಲ್ವರ್ಟ್ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ದೀರ್ಘಕಾಲ ಬೋಧಿಸಿ, ನಿವೃತ್ತರಾದ ಮೇಲೆಯೂ ಲೇಖನಿಯನ್ನು ಕೆಳಗಿಡಲಿಲ್ಲ: ಹೆನ್ರಿಕ್ ಕುಬೆಲ್ ಎಂಬ ಅಕ್ಷರವಿನ್ಯಾಸಕಾರನೊಡನೆ ಕುಳಿತು ರಸ್ತೆಯ ಆ ಅಕ್ಷರವನ್ನು ಗಣಕದ ತೆರೆಗೆ ಹೊಂದುವಂತೆ ತಿದ್ದಿದರು, 2012ರಿಂದ ಬ್ರಿಟಿಷ್ ಸರ್ಕಾರವು ತನ್ನ ಪ್ರಜೆಗಳಿಗೆ ತೆರಿಗೆಯ, ಪಿಂಚಣಿಯ, ಪರವಾನಗಿಯ ವಿಷಯಗಳನ್ನು ತಿಳಿಸುವ ತಾಣದಲ್ಲಿ ಬಳಸುತ್ತಿರುವುದು ಅದನ್ನೇ.