ಬ್ರಹ್ಮಕಮಲ ಹೂ ಬಿಡ್ತಿಲ್ವಾ? ಮೊದಲು ನೀರಿನ ಮಗ್ಗು ಕೆಳಗಿಡಿ

ಮಳೆಗಾಲ ಶುರುವಾದ್ರೆ ವಾಟ್ಸಾಪ್ ಸ್ಟೇಟಸ್ ತುಂಬಾ ಒಂದೇ ಥರದ ಫೋಟೋ. ರಾತ್ರಿ 11 ಗಂಟೆ, ಫ್ಲ್ಯಾಶ್ ಹಾಕಿ ತೆಗೆದಿರೋ ದೊಡ್ಡ ಬಿಳಿ ಹೂವು, ಪಕ್ಕದಲ್ಲಿ ಊದುಬತ್ತಿ, ಕೆಳಗೆ ‘ನಮ್ಮ ಮನೆಯ ಬ್ರಹ್ಮಕಮಲ’. ನಾಲ್ಕು ವರ್ಷ ನಾನು ಆ ಹೂವನ್ನ ಬೇರೆಯವರ ಸ್ಟೇಟಸ್‌ನಲ್ಲೇ ನೋಡಿದ್ದು. ಗಿಡ ನನ್ನ ಬಾಲ್ಕನಿಯಲ್ಲೂ ಇತ್ತು. ಹೂವಿರ್ಲಿಲ್ಲ ಅಷ್ಟೇ.

ಈ ಗಿಡದ ಮೇಲೆ ನನಗ್ಯಾಕೆ ಇಷ್ಟು ಹಠ ಅಂತ ಹೇಳಿಬಿಡ್ತೀನಿ. ಇದು ಸಾಗರದ ಹತ್ತಿರ ಇದ್ದ ನಮ್ಮ ಅಜ್ಜಿ ಮನೆಯದು. ಬಚ್ಚಲುಮನೆ ಹಿಂದೆ, ಹಲಸಿನ ಮರದ ಬುಡದಲ್ಲಿ, ತುಕ್ಕು ಹಿಡಿದ ಎಣ್ಣೆ ಡಬ್ಬದಲ್ಲಿ ಬೆಳೆದಿತ್ತು. ಹೂ ಅರಳೋ ರಾತ್ರಿ ಅಜ್ಜಿ ಅಕ್ಕಪಕ್ಕದವರನ್ನೆಲ್ಲ ಕರೆದು ಕಾಫಿ ಮಾಡೋರು. ಅಜ್ಜಿ ಹೋದ್ಮೇಲೆ ಮನೆ ಮಾರಿದ್ವಿ. ಕೊಂಡವರು ಹಿತ್ತಲಿಗೆ ಕಾಂಪೌಂಡ್ ಕಟ್ಟಿಸಿದ್ರು, ಡಬ್ಬ ಎಲ್ಲಿ ಹೋಯ್ತೋ ಗೊತ್ತಿಲ್ಲ. ಉಳಿದಿದ್ದು ನಾನು ಪೇಪರ್‌ನಲ್ಲಿ ಸುತ್ತಿಕೊಂಡು ಬೆಂಗಳೂರಿಗೆ ತಂದ ಒಂದೇ ಒಂದು ಎಲೆ. ಪ್ರತಿ ಜೂನ್‌ನಲ್ಲೂ ಅಮ್ಮನ ಫೋನ್: “ಅಜ್ಜಿ ಗಿಡದಲ್ಲಿ ಮೊಗ್ಗು ಬಂತೇನೋ?”

ಹಾಗಾಗಿ ನಾನು ಚೆನ್ನಾಗಿ ನೋಡ್ಕೊಂಡೆ. ಅದೇ ತಪ್ಪಾಯ್ತು. ದೊಡ್ಡ ಪಾಟ್ ತಂದೆ, ಕೆಂಪು ಮಣ್ಣು ಒತ್ತಿ ಒತ್ತಿ ತುಂಬಿದೆ, ದಿನಾ ಬೆಳಿಗ್ಗೆ ಒಂದು ಮಗ್ಗು ನೀರು, ಹದಿನೈದು ದಿನಕ್ಕೊಮ್ಮೆ ಒಂದು ಚಿಟಿಕೆ ಯೂರಿಯಾ. ಬಿಕಾಂ ಓದಿದ ತಲೆ ನೋಡಿ, ಹೆಚ್ಚು ಹಾಕಿದ್ರೆ ಹೆಚ್ಚು ರಿಟರ್ನ್ ಅಂತ ಲೆಕ್ಕ. ಎರಡನೇ ಮಳೆಗಾಲದಲ್ಲಿ ಗಿಡದ ಬುಡ ಮುಟ್ಟಿದ್ರೆ ಬೆರಳು ಒಳಗೆ ಹೋಯ್ತು. ಕಂದು ಬಣ್ಣ, ಮೆತ್ತಗೆ, ಕೆಟ್ಟ ವಾಸನೆ. ಬೇರು ಕೊಳೆತಿತ್ತು.

ಆಮೇಲೆ ಕೂತು ಓದಿದಾಗ ಗೊತ್ತಾಗಿದ್ದು, ನಾನು ಸಾಕ್ತಾ ಇರೋದು ಏನು ಅಂತಾನೇ ನನಗೆ ಗೊತ್ತಿರ್ಲಿಲ್ಲ.

ನಮ್ಮ ಮನೆಗಳಲ್ಲಿರೋ ಈ ಬ್ರಹ್ಮಕಮಲ ಒಂದು ಕಳ್ಳಿ. ಹೌದು, ಕ್ಯಾಕ್ಟಸ್. ಸಸ್ಯಶಾಸ್ತ್ರದ ಹೆಸರು ಎಪಿಫಿಲ್ಲಮ್ ಆಕ್ಸಿಪೆಟಾಲಮ್, ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಕೇರಳದಲ್ಲಿ ಇದನ್ನೇ ನಿಶಾಗಂಧಿ ಅಂತಾರೆ. ಕೇದಾರನಾಥ, ಬದರಿನಾಥದಲ್ಲಿ ದೇವರಿಗೆ ಏರಿಸೋ ಬ್ರಹ್ಮಕಮಲ ಬೇರೆ ಗಿಡ. ಅದು ಹಿಮಾಲಯದ ಎತ್ತರದ ಬೆಟ್ಟಗಳಲ್ಲಿ ನೆಲದ ಮೇಲೆ ಬೆಳೆಯೋದು, ಸೂರ್ಯಕಾಂತಿ ಕುಟುಂಬದ್ದು, ಉತ್ತರಾಖಂಡದ ರಾಜ್ಯ ಹೂ. ನಮ್ಮದಕ್ಕೂ ಅದಕ್ಕೂ ಹೆಸರು ಬಿಟ್ಟು ಯಾವ ಸಂಬಂಧವೂ ಇಲ್ಲ. ಇದನ್ನ ಕೇಳಿ ಬೇಜಾರಾಗ್ಬೇಡಿ, ನಮ್ಮ ಅಮ್ಮನಿಗೂ ಆಯ್ತು.

ಕಳ್ಳಿ ಅಂದ ತಕ್ಷಣ ಮರಳುಗಾಡು ನೆನಪಾಗುತ್ತೆ. ಆದ್ರೆ ಇದು ಕಾಡಿನ ಕಳ್ಳಿ. ಮಲೆನಾಡಲ್ಲಿ ಮರದ ಮೇಲೆ ಸೀತಾಳೆ ದಂಡೆ ಬೆಳೆಯೋದು ನೋಡಿದ್ದೀರಲ್ವಾ? ಇದೂ ಹಾಗೇ. ಮರದ ಕವಲಲ್ಲಿ ಒಂದಿಷ್ಟು ಕೊಳೆತ ಎಲೆ ಸೇರಿರುತ್ತೆ, ಅದರಲ್ಲಿ ಬೇರು ಬಿಟ್ಟು ಬದುಕುತ್ತೆ. ಮಳೆ ಬಂದಾಗ ನೆನೆಯುತ್ತೆ, ನಿಂತ ಮೇಲೆ ಬೇಗ ಒಣಗುತ್ತೆ, ಬೇರಿಗೆ ಗಾಳಿ ಸಿಕ್ತಾನೇ ಇರುತ್ತೆ. ಅಂಥ ಬೇರನ್ನ ನಾನು ಒತ್ತಿದ ಕೆಂಪು ಮಣ್ಣಲ್ಲಿ ಹೂತು ದಿನಾ ನೀರು ಹೊಯ್ದಿದ್ದೆ. ಉಸಿರು ಕಟ್ಟದೆ ಇನ್ನೇನಾಗುತ್ತೆ!

ಇನ್ನೊಂದು ವಿಷಯ. ನಾವು ಎಲೆ ಅನ್ನೋದು ಎಲೆ ಅಲ್ಲ, ಚಪ್ಪಟೆಯಾದ ಕಾಂಡ. ಎಪಿಫಿಲ್ಲಮ್ ಅಂದ್ರೇನೇ ‘ಎಲೆಯ ಮೇಲೆ’ ಅಂತ ಅರ್ಥ, ಹೂವು ಎಲೆಯಿಂದಲೇ ಬಂದ ಹಾಗೆ ಕಾಣೋದಕ್ಕೆ ಆ ಹೆಸರು. ಅದರ ಅಂಚಲ್ಲಿ ಸಣ್ಣ ಸಣ್ಣ ಕಚ್ಚುಗಳಿರ್ತವೆ. ಮೊಗ್ಗು ಬರೋದು ಅಲ್ಲಿಂದಲೇ. ನೆಟ್ಟಗೆ ಕೋಲಿನ ಹಾಗೆ ಮೇಲೆ ಹೋಗೋ ಉದ್ದ ಕಾಂಡದಲ್ಲಿ ಸಾಮಾನ್ಯವಾಗಿ ಹೂ ಬರಲ್ಲ, ಅದರಿಂದ ಪಕ್ಕಕ್ಕೆ ಹೊರಡೋ ಚಪ್ಪಟೆ, ಬಲಿತ ಕವಲುಗಳಲ್ಲಿ ಬರುತ್ತೆ. ಗಿಡ ಅಡ್ಡಾದಿಡ್ಡಿ ಕಾಣುತ್ತೆ ಅಂತ ಆ ಕವಲುಗಳನ್ನ ಕತ್ತರಿಸಿದ್ರೆ ಮುಂದಿನ ವರ್ಷದ ಹೂವನ್ನೇ ಕತ್ತರಿಸಿದ ಹಾಗೆ. ಯೂರಿಯಾದಲ್ಲಿ 46% ಸಾರಜನಕ ಇರುತ್ತೆ. ಅದು ಸಿಕ್ಕಷ್ಟೂ ಗಿಡ ಹಸಿರು ಬೆಳೆಸೋದ್ರಲ್ಲೇ ಮುಳುಗುತ್ತೆ, ಹೂವಿನ ಕಡೆ ತಿರುಗಲ್ಲ.

ಅಮ್ಮನಿಗೆ ಫೋನ್ ಮಾಡಿದೆ. ಬೈತಾರೆ ಅಂದ್ಕೊಂಡಿದ್ದೆ, ಬೈಲಿಲ್ಲ. “ಮೇಲೆ ಗಟ್ಟಿಯಾಗಿರೋ ತುಂಡು ಕತ್ತರಿಸ್ಕೋ, ನೆರಳಲ್ಲಿ ಒಣಗಿಸಿ ಆಮೇಲೆ ನೆಡು” ಅಂದ್ರು. ಕೊಳೆತ ಭಾಗದಿಂದ ಸಾಕಷ್ಟು ಮೇಲೆ, ಒಳಗೆ ಪೂರ್ತಿ ಹಸಿರು ಕಾಣೋ ಜಾಗದಲ್ಲಿ, ಸ್ವಚ್ಛ ಮಾಡಿದ ಚಾಕುವಿನಿಂದ ಕತ್ತರಿಸಿದೆ. ಮೂರು ತುಂಡು ಸಿಕ್ತು, ಒಂದೊಂದೂ ಸುಮಾರು ಒಂದು ಗೇಣು. ಅಡುಗೆಮನೆ ಕಪಾಟಿನ ಮೇಲೆ ಒಂದು ವಾರ ಇಟ್ಟೆ. ಕತ್ತರಿಸಿದ ಗಾಯ ಒಣಗಿ ಗಟ್ಟಿ ಪೊರೆ ಕಟ್ಟಬೇಕು, ಹಸಿಯಾಗೇ ನೆಟ್ರೆ ಮತ್ತೆ ಕೊಳೆಯುತ್ತೆ. ಯಾವ ಕಡೆ ಬುಡ ಅಂತ ಪೆನ್ನಲ್ಲಿ ಗುರುತು ಮಾಡಿಡಿ, ವಾರ ಬಿಟ್ಟು ನೋಡಿದ್ರೆ ತಲೆ ಯಾವುದು ಬುಡ ಯಾವುದು ತಿಳಿಯಲ್ಲ.

ಈ ಸಲ ಚಿಕ್ಕ ಪಾಟ್. ಅಡಿಯಲ್ಲಿ ತೂತು ದೊಡ್ಡದಾಗೇ ಇತ್ತು. ಕೋಕೋಪೀಟ್, ದರಕು ಕೊಳೆತ ಗೊಬ್ಬರ, ಅದಕ್ಕೆ ಇಟ್ಟಿಗೆ ಚೂರು, ಇದ್ದಿಲಿನ ಚೂರು, ಒಂದಿಷ್ಟು ದಪ್ಪ ಮರಳು. ಮುಷ್ಟಿಯಲ್ಲಿ ಹಿಂಡಿ ಬಿಟ್ರೆ ಪುಡಿಪುಡಿ ಉದುರಬೇಕು, ಉಂಡೆ ಕಟ್ಟಬಾರದು. ಒಂದೆರಡು ಇಂಚಷ್ಟೇ ಆಳಕ್ಕೆ ನೆಟ್ಟು ಕೋಲಿಗೆ ಕಟ್ಟಿದೆ. ಮೂರರಲ್ಲಿ ಒಂದು ಹೋಯ್ತು, ಎರಡು ಚಿಗುರಿದ್ವು.

ನೀರಿಗೆ ಈಗ ವಾರ, ದಿನ ಅಂತ ಲೆಕ್ಕ ಇಟ್ಟಿಲ್ಲ. ಬೆರಳು ಒಂದು ಇಂಚು ಒಳಗೆ ಹಾಕ್ತೀನಿ, ಒಣಗಿದ್ರೆ ಮಾತ್ರ ಹಾಕ್ತೀನಿ, ಹಾಕಿದಾಗ ಕೆಳಗಿನ ತೂತಿಂದ ಹರಿಯೋವರೆಗೂ ಹಾಕ್ತೀನಿ. ಪಾಟ್ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲೋಕೆ ಬಿಡಲ್ಲ. ಬಿಸಿಲಿನ ವಿಷಯದಲ್ಲಿ ಜನ ಎರಡೂ ಕಡೆ ತಪ್ತಾರೆ. ಮಧ್ಯಾಹ್ನದ ಬಿಸಿಲು ನೇರ ಬಿದ್ರೆ ಕಾಂಡ ಹಳದಿಯಾಗಿ ಸುಟ್ಟ ಕಲೆ ಬೀಳುತ್ತೆ. ಹಾಗಂತ ಹಾಲ್‌ನ ಕತ್ತಲೆ ಮೂಲೆಯಲ್ಲಿಟ್ರೆ ಹಸಿರಾಗೇ ಇದ್ದು ಹೂವೇ ಬಿಡಲ್ಲ. ಬೆಳಗಿನ ಎಳೆಬಿಸಿಲು, ಉಳಿದ ಹೊತ್ತು ಒಳ್ಳೆ ಬೆಳಕು ಸಾಕು. ಅಜ್ಜಿಯ ಹಲಸಿನ ಮರ ಕೊಡ್ತಿದ್ದದ್ದು ಅದನ್ನೇ. ಅವರ ಡಬ್ಬ ಚಿಕ್ಕದಿತ್ತು, ತಳ ತೂತು ಬಿದ್ದಿತ್ತು, ನೀರು ಹಾಕೋರು ಯಾರೂ ಇರ್ಲಿಲ್ಲ, ಮಳೆಯೇ ಗತಿ. ಆಗೊಮ್ಮೆ ಈಗೊಮ್ಮೆ ಬಚ್ಚಲ ಒಲೆಯ ಬೂದಿ ಒಂದು ಹಿಡಿ, ಅಂದ್ರೆ ಪೊಟ್ಯಾಶ್. ಪಾಟ್‌ನಲ್ಲಿ ಬೇರು ಸ್ವಲ್ಪ ಇಕ್ಕಟ್ಟಾಗಿದ್ರೇನೇ ಈ ಗಿಡ ಚೆನ್ನಾಗಿ ಹೂ ಬಿಡುತ್ತೆ. ಪ್ರತಿ ವರ್ಷ ಪಾಟ್ ಬದಲಿಸೋ ಉತ್ಸಾಹ ಬೇಡ.

ತಾಳ್ಮೆಯಂತೂ ಬೇಕೇ ಬೇಕು. ತುಂಡಿನಿಂದ ಬೆಳೆಸಿದ ಗಿಡ ಹೂ ಬಿಡೋಕೆ ಎರಡು ಮೂರು ವರ್ಷ ಬೇಕು. ನಿಜ ಹೇಳ್ಬೇಕಂದ್ರೆ ನನ್ನ ಮೊದಲ ಗಿಡಕ್ಕೆ ಆ ವಯಸ್ಸೇ ಆಗಿರ್ಲಿಲ್ಲ, ಅದಕ್ಕೂ ಮುಂಚೆ ನಾನೇ ಮುಗಿಸಿದ್ದೆ.

ಈ ಜೂನ್‌ನಲ್ಲಿ ಒಂದು ಕಚ್ಚಿನಲ್ಲಿ ಅಕ್ಕಿಕಾಳಿನಷ್ಟು ಗುಲಾಬಿ ಬಣ್ಣದ ಚುಕ್ಕೆ ಕಾಣಿಸ್ತು. ಮೊಗ್ಗು ಬಂದಾಗ ಪಾಟ್ ಎತ್ತಿ ಬೇರೆ ಕಡೆ ಇಡ್ಬೇಡಿ, ಪೂರ್ತಿ ಒಣಗೋಕೂ ಬಿಡ್ಬೇಡಿ, ಎರಡರಲ್ಲೂ ಮೊಗ್ಗು ಉದುರುತ್ತೆ. ಅರಳೋಕೆ ಸುಮಾರು ಮೂರು ನಾಲ್ಕು ವಾರ. ಯಾವ ರಾತ್ರಿ ಅಂತ ಹೇಗೆ ಗೊತ್ತಾಗೋದು? ಮೊದಲು ಮೊಗ್ಗು ಕೆಳಗೆ ಜೋತು ಬಿದ್ದಿರುತ್ತೆ. ಕೊನೆ ದಿನಗಳಲ್ಲಿ ಕುತ್ತಿಗೆ ಬಾಗಿಸಿ ಹಾವಿನ ಹೆಡೆ ಥರ ಮೇಲೇಳುತ್ತೆ. ಆಮೇಲೆ ತುದಿ ಉಬ್ಬಿ, ಹೊರಗಿನ ಕೆಂಪು ಎಸಳುಗಳು ಸಡಿಲವಾದ್ರೆ ಆವತ್ತು ರಾತ್ರಿಯೇ. ಕತ್ತಲಾದ ಮೇಲೆ ಬಿಚ್ಚಿಕೊಂಡು ಮಧ್ಯರಾತ್ರಿ ಹೊತ್ತಿಗೆ ಪೂರ್ತಿ ಅರಳಿರುತ್ತೆ, ಬೆಳಕು ಹರಿಯೋ ಹೊತ್ತಿಗೆ ಬಾಡುತ್ತೆ. ಆ ಬಿಳಿ ಬಣ್ಣ, ಆ ಘಮ ಇರೋದು ರಾತ್ರಿ ಹಾರೋ ದೊಡ್ಡ ಪತಂಗಗಳನ್ನ ಕರೆಯೋಕೆ. ನಮ್ಮ ಎರಡನೇ ಮಹಡಿಗೆ ಅದು ಬರ್ಲಿಲ್ಲ, ಎದುರು ಮನೆ ಆಂಟಿ ಬಂದ್ರು.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಸ್ವಲ್ಪ ಹೊತ್ತು ನೋಡಿ, “ಕಾಫಿ ಮಾಡಿದ್ಯಾ?” ಅಂದ್ರು. ಮಾಡಿರ್ಲಿಲ್ಲ. ಆಂಟಿಯನ್ನ ಕೂರಿಸಿ ಮಾಡ್ಕೊಂಡು ಬಂದೆ. ಎರಡನೇ ಪಾಟ್ ಮುಂದಿನ ತಿಂಗಳು ಬಸ್ಸಲ್ಲಿ ಶಿವಮೊಗ್ಗಕ್ಕೆ, ಅಮ್ಮನ ಹತ್ರ ಹೋಗುತ್ತೆ. ನಿಮ್ಮ ಗಿಡಕ್ಕೆ ಏನಾಗಿದೆ ಅಂತ ವಾಯ್ಸ್ ನೋಟ್ ಕಳಿಸಿ. ಬುಡ ಮೆತ್ತಗಾಗಿದ್ರೆ ಕಾಯ್ಬೇಡಿ, ಇವತ್ತೇ ಚಾಕು ತಗೊಳ್ಳಿ.