ಕಿವಿಗೂ ಹಿತ, ಪರ್ಸಿಗೂ ಹಗುರ

‘ಅಮ್ಮಾ, ಯಾಕೆ ಹಂಗೆ ಕಿರುಚ್ತೀಯಾ? ನಾನೇನು ಪಕ್ಕದ ಬೀದೀಲಿದೀನಾ?’

ಮಗಳು ಹೀಗೆ ಕೇಳಿದಾಗ ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸೊಪ್ಪು ಬಿಡಿಸುತ್ತಿದ್ದೆ. ‘ಕುಕ್ಕರ್ ಆಫ್ ಮಾಡಿದ್ಯೇನೇ’ ಅಂತ ನಾನು ಕೇಳಿದ್ದು ಮೂರನೇ ಮನೆಗೂ ಕೇಳಿಸಿತ್ತಂತೆ! ಆಗ ನಕ್ಕು ಸುಮ್ಮನಾದೆ. ಆದರೆ ಅದೇ ವಾರ, ರಾತ್ರಿ ಮಲಗಿದಾಗ ಕಿವಿಯೊಳಗೆ ಜೀರುಂಡೆ ಕೂಗಿದಂತೆ ಸದ್ದು ಶುರುವಾಯಿತು ನೋಡಿ, ನಗು ಹಾರಿಹೋಯಿತು.

ಕಿವಿ ಡಾಕ್ಟರ್ ಪರೀಕ್ಷೆ ಮಾಡಿ, ‘ಸದ್ಯ, ಏನೂ ಹಾಳಾಗಿಲ್ಲ. ದಿನಾ ಎಷ್ಟು ಹೊತ್ತು ಹಾಡು ಕೇಳ್ತೀರಿ?’ ಎಂದರು. ಬಸ್ಸಿನಲ್ಲಿ ಹೋಗಿ ಬರುವಾಗ ಎರಡು ಗಂಟೆ, ಅಡುಗೆಮನೆಯಲ್ಲಿ ಒಂದು ಗಂಟೆ. ವಾಲ್ಯೂಮ್ ಅಂತೂ ಪೂರ್ತಿ. ಇಲ್ಲದಿದ್ದರೆ ಬಸ್ಸಿನ ಗದ್ದಲದಲ್ಲಿ ಕೇಳಿಸಬೇಕಲ್ಲ? ಡಾಕ್ಟರ್ ನನ್ನ ಇಯರ್‌ಫೋನ್ ಇಸಿದುಕೊಂಡು ನೋಡಿದರು. ಫುಟ್‌ಪಾತಿನಲ್ಲಿ ನೂರು ರೂಪಾಯಿಗೆ ತಂದದ್ದು. ಒಂದು ಕಡೆಯ ರಬ್ಬರ್ ಸಡಿಲ, ಇನ್ನೊಂದು ಕಡೆಯದು ನಾಪತ್ತೆ! ‘ತಪ್ಪು ಇಲ್ಲೇ ಇದೆ’ ಎಂದರು.

ಅವರು ಹೇಳಿದ್ದು ಇಷ್ಟೇ. ಇಯರ್‌ಫೋನ್ ಕಿವಿಯಲ್ಲಿ ಸರಿಯಾಗಿ ಕೂರದಿದ್ದರೆ ಹೊರಗಿನ ಸದ್ದು ಒಳಗೆ ನುಗ್ಗುತ್ತದೆ. ಅದನ್ನು ಮೀರಿಸಲು ನಾವು ವಾಲ್ಯೂಮ್ ಏರಿಸುತ್ತಾ ಹೋಗುತ್ತೇವೆ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳಿವೆ. ಜೋರು ಸದ್ದಿಗೆ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು ವಾರಕ್ಕೆ 40 ಗಂಟೆ ಕೇಳುವುದಾದರೆ ಸದ್ದು 80 ಡೆಸಿಬೆಲ್ ದಾಟಬಾರದು. ಮಕ್ಕಳಿಗಾದರೆ 75. ಪ್ರತಿ 3 ಡೆಸಿಬೆಲ್ ಹೆಚ್ಚಾದಾಗಲೂ ಕೇಳಬಹುದಾದ ಸಮಯ ಅರ್ಧಕ್ಕಿಳಿಯುತ್ತದೆ. 90 ಡೆಸಿಬೆಲ್‌ನಲ್ಲಿ ಕೇಳಿದರೆ ವಾರಕ್ಕೆ ಸುಮಾರು ನಾಲ್ಕೇ ಗಂಟೆ! ಒಳ್ಳೆಯ ಇಯರ್‌ಫೋನ್ ಅಂದರೆ ಜೋರಾಗಿ ಕೂಗುವಂಥದ್ದಲ್ಲ, ಮೆಲ್ಲಗಿಟ್ಟರೂ ಚೆನ್ನಾಗಿ ಕೇಳಿಸುವಂಥದ್ದು ಎಂಬುದು ನನಗೆ ಅರ್ಥವಾದದ್ದು ಆಗಲೇ.

ವೈರ್ ಇರುವುದೇ ಯಾಕೆ?

ಬ್ಲೂಟೂತ್ ಕಾಲದಲ್ಲಿ ವೈರಾ ಅಂತ ಮೂಗು ಮುರಿಯಬೇಡಿ. ಚಾರ್ಜ್ ಮಾಡುವ ರಗಳೆ ಇಲ್ಲ. ಒಂದು ಕಿವಿಯದು ಬಸ್ಸಿನ ಸೀಟಿನಡಿ ಬಿದ್ದು ಕಳೆದುಹೋಗುವ ಭಯವಿಲ್ಲ. ಬ್ಯಾಟರಿಗೆ, ವೈರ್‌ಲೆಸ್ ಚಿಪ್ಪಿಗೆ ದುಡ್ಡು ಕೊಡಬೇಕಿಲ್ಲ. ದಿನನಿತ್ಯ ಹಾಡು ಕೇಳಲು 500ರಿಂದ 1,000 ರೂಪಾಯಿಯೊಳಗೆ ಒಳ್ಳೆಯದೇ ಸಿಗುತ್ತದೆ.

ಮೊದಲು ರಬ್ಬರ್ ನೋಡಿ

ಡಬ್ಬಿಯಲ್ಲಿ ಸಣ್ಣ, ಮಧ್ಯಮ, ದೊಡ್ಡದು ಹೀಗೆ ಮೂರು ಜೊತೆ ಸಿಲಿಕಾನ್ ತುದಿಗಳಿವೆಯೇ ನೋಡಿಕೊಳ್ಳಿ. ನಮ್ಮಲ್ಲಿ ಬಹಳ ಜನ ಮೊದಲೇ ಹಾಕಿಟ್ಟ ಜೊತೆಯನ್ನೇ ಬಳಸಿ, ಉಳಿದದ್ದನ್ನು ಡಬ್ಬಿ ಸಮೇತ ಬಿಸಾಡುತ್ತೇವೆ. ಎರಡೂ ಕಿವಿಯ ಅಳತೆ ಒಂದೇ ಇರಬೇಕೆಂದೂ ಇಲ್ಲ. ಕಿವಿಯ ಮೇಲ್ಭಾಗವನ್ನು ಒಂದು ಕೈಯಲ್ಲಿ ಮೆಲ್ಲಗೆ ಹಿಂದಕ್ಕೆಳೆದು, ಇನ್ನೊಂದು ಕೈಯಲ್ಲಿ ಇಯರ್‌ಫೋನ್ ಕೂರಿಸಿ. ಹೊರಗಿನ ಸದ್ದು ಥಟ್ಟನೆ ತಗ್ಗಿ, ತಬಲದ ಎಡಗೈ ಪೆಟ್ಟು ತುಂಬಿ ಕೇಳಿಸಿದರೆ ಅಳತೆ ಸರಿ ಎಂದರ್ಥ. ಹಾಡು ಪೇಲವವಾಗಿ ಕೇಳಿಸಿದರೆ ದೊಡ್ಡ ತುದಿ ಹಾಕಿ. ಕಿವಿ ನೋಯುತ್ತಿದ್ದರೆ ಸಣ್ಣದು.

ಡಬ್ಬಿ ಮೇಲಿನ ಅಂಕಿಗೆ ಮರುಳಾಗಬೇಡಿ

‘20–20,000 ಹರ್ಟ್ಸ್’ ಎಂದು ಹೆಚ್ಚುಕಡಿಮೆ ಎಲ್ಲ ಡಬ್ಬಿಯ ಮೇಲೂ ಇರುತ್ತದೆ. ಅದು ಮನುಷ್ಯರ ಕಿವಿಗೆ ಕೇಳಿಸುವ ವ್ಯಾಪ್ತಿ ಅಷ್ಟೆ. ಇಯರ್‌ಫೋನಿನ ಗುಣಮಟ್ಟ ಅದರಿಂದ ತಿಳಿಯುವುದಿಲ್ಲ. ಒಳಗಿನ ಡ್ರೈವರ್ ದೊಡ್ಡದಾದಷ್ಟೂ ಹಾಡು ಚೆನ್ನ ಎಂಬುದೂ ಸುಳ್ಳು. 16 ಅಥವಾ 32 ಓಮ್ ಎಂದಿದ್ದರೆ ಫೋನಿಗೆ ಸಾಕು. ‘ಎಕ್ಸ್‌ಟ್ರಾ ಬಾಸ್’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಸ್ವಲ್ಪ ಯೋಚಿಸಿ. ಢಂ ಢಂ ಸದ್ದಿನಲ್ಲಿ ಹಾಡುವವರ ದನಿ ಮುಚ್ಚಿಹೋದರೆ ಮತ್ತೆ ವಾಲ್ಯೂಮ್ ಏರಿಸಬೇಕೆನಿಸುತ್ತದೆ.

ಕೇಳಿ ನೋಡಲು ಅಂಗಡಿಯವರು ಬಿಟ್ಟರೆ, ನಿಮಗೆ ಬಾಯಿಪಾಠವಾದ ಹಾಡನ್ನೇ ಹಾಕಿ. ನಾನು ಸಿ. ಅಶ್ವತ್ಥ್ ಅವರ ಒಂದು ಭಾವಗೀತೆ, ಎಸ್. ಜಾನಕಿ ಅವರ ಒಂದು ಹಳೇ ಚಿತ್ರಗೀತೆ ಕೇಳಿದೆ. ಪದಗಳು ಬಿಡಿಬಿಡಿಯಾಗಿ ಕೇಳಿಸಬೇಕು, ‘ಸ’, ‘ಶ’ ಬಂದಾಗ ಕಿವಿಗೆ ಚುಚ್ಚಬಾರದು.

ಪಿನ್, ವೈರ್ ಮರೆಯಬೇಡಿ

2016ರಲ್ಲಿ ಐಫೋನ್ 7 ದುಂಡನೆಯ 3.5 ಮಿಲಿಮೀಟರ್ ತೂತನ್ನು ಕೈಬಿಟ್ಟ ಮೇಲೆ ಬಹಳಷ್ಟು ಕಂಪನಿಗಳು ಅದೇ ದಾರಿ ಹಿಡಿದಿವೆ. ಹಾಗಾಗಿ ಅಂಗಡಿಗೆ ಹೊರಡುವ ಮುಂಚೆ ನಿಮ್ಮ ಫೋನಿನಲ್ಲಿ ಆ ತೂತು ಇದೆಯೇ ನೋಡಿ. ಇಲ್ಲದಿದ್ದರೆ ‘ಟೈಪ್ ಸಿ’ ಪಿನ್ನಿನದು ಕೇಳಿ. ಒಂದು ಫೋನಿಗೆ ಒಗ್ಗುವ ಅಡಾಪ್ಟರ್ ಇನ್ನೊಂದಕ್ಕೆ ಒಗ್ಗದೇ ಇರಬಹುದು, ಅಂಗಡಿಯಲ್ಲೇ ಸಿಕ್ಕಿಸಿ ಪರೀಕ್ಷಿಸಿ. ದುಂಡು ಪಿನ್ನಿನ ಮೇಲೆ ಮೂರು ಗೆರೆಯಿದ್ದರೆ ಸಾಮಾನ್ಯವಾಗಿ ಮೈಕ್ ಇರುತ್ತದೆ, ಎರಡೇ ಇದ್ದರೆ ಹಾಡಿಗೆ ಮಾತ್ರ. ವೈರ್ ಮೊದಲು ತುಂಡಾಗುವುದು ಪಿನ್ನಿನ ಬುಡದಲ್ಲಿ. ಅಲ್ಲಿ ದಪ್ಪ ರಬ್ಬರಿನ ಕತ್ತು ಇದ್ದರೆ ಬಾಳಿಕೆ ಹೆಚ್ಚು.

ಇವು ನೆನಪಿರಲಿ

• ಬಿಲ್, ವಾರಂಟಿ ಕೇಳಿ ಪಡೆಯಿರಿ. ಅಸಲಿಯಂತೆಯೇ ಕಾಣುವ ನಕಲಿಗಳಿವೆ.
• ಕಿತ್ತು ತೆಗೆಯುವಾಗ ವೈರ್ ಎಳೆಯಬೇಡಿ, ಪಿನ್ ಹಿಡಿದು ತೆಗೆಯಿರಿ. ಫೋನಿಗೆ ಬಿಗಿಯಾಗಿ ಸುತ್ತಬೇಡಿ.
• ವಾರಕ್ಕೊಮ್ಮೆ ರಬ್ಬರ್ ತುದಿ ಬಿಚ್ಚಿ ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ.
• ಕಿವಿ ಸೋರುತ್ತಿದ್ದರೆ, ನೋವಿದ್ದರೆ ಹಾಕಲೇಬೇಡಿ. ಒಬ್ಬರದನ್ನು ಇನ್ನೊಬ್ಬರು ಬಳಸುವುದೂ ಬೇಡ.
• ರಸ್ತೆ ದಾಟುವಾಗ, ಗಾಡಿ ಓಡಿಸುವಾಗ ಎರಡೂ ಕಿವಿಯಿಂದ ತೆಗೆದಿಡಿ.

ಕೊನೆಗೆ ನಾನು 650 ರೂಪಾಯಿಯದೊಂದು ಕೊಂಡೆ. ನನ್ನ ಎಡಗಿವಿಗೆ ಸಣ್ಣ ರಬ್ಬರ್, ಬಲಕ್ಕೆ ಮಧ್ಯಮ! ಮನೆ ನಿಶ್ಶಬ್ದವಾಗಿದ್ದಾಗ ಹಾಡು ಹಿತವಾಗಿ ಕೇಳಿಸುವ ಮಟ್ಟಕ್ಕೆ ವಾಲ್ಯೂಮ್ ಇಟ್ಟೆ. ಅರ್ಧಕ್ಕಿಂತ ಕಮ್ಮಿಯೇ ಇತ್ತು. ಬಸ್ಸಿನಲ್ಲಿ ಅದಕ್ಕಿಂತ ಒಂದೆರಡು ಗೆರೆ ಮೇಲೆ ಹೋಗುವುದಿಲ್ಲ ಅಂತ ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೇನೆ. ರಾತ್ರಿಯ ಜೀರುಂಡೆ ಸದ್ದು ಕೆಲವು ವಾರಗಳಲ್ಲಿ ನಿಂತಿತು. ಎಲ್ಲರಿಗೂ ಹೀಗೆ ನಿಲ್ಲುವುದಿಲ್ಲ, ನಿಮ್ಮ ಕಿವಿಯಲ್ಲೂ ಅಂಥ ಸದ್ದಿದ್ದರೆ ಡಾಕ್ಟರ್ ಹತ್ತಿರ ಹೋಗಲು ತಡ ಮಾಡಬೇಡಿ.

ಮಗಳ ಫೋನ್ ತೆಗೆದು ನೋಡಿದರೆ ಅವಳದ್ದೂ ಫುಲ್ ವಾಲ್ಯೂಮ್! ಮರುದಿನವೇ ಅವಳ ಕಿವಿಗೂ ರಬ್ಬರ್ ಅಳತೆ ನೋಡಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ವಾಲ್ಯೂಮ್ ಮಿತಿ ಹಾಕಿಸಿದೆ. ‘ಅಯ್ಯೋ ಅಮ್ಮಾ’ ಎಂದು ಮುಖ ಊದಿಸಿಕೊಂಡಳು. ಊದಿಸಿಕೊಳ್ಳಲಿ ಬಿಡಿ. ಇಯರ್‌ಫೋನ್ ಕೆಟ್ಟರೆ ಇನ್ನೊಂದು ತಂದುಕೊಡಬಹುದು, ಕಿವಿ ಕೆಟ್ಟರೆ ಎಲ್ಲಿಂದ ತರೋಣ?