ಹೋರಿಯೂ ತಂತಿಬೇಲಿಯೂ

ಪೀಣ್ಯದ ಕಾರ್ಖಾನೆಗಳನ್ನು ದಾಟಿ ಮುಂದೆ ಸಾಗಿದರೆ ಹೆಸರಘಟ್ಟದಲ್ಲಿ ಸರ್ಕಾರದ ಪಶುಸಂವರ್ಧನಾ ಕ್ಷೇತ್ರಗಳಿವೆ. ಹೋರಿಗಳಿದ್ದೆಡೆ ಬೇಲಿಯೂ ಬೇಕಷ್ಟೆ. ಹಳ್ಳಿಕಾರ್ ಹೋರಿಯಂಥ ಬಲಿಷ್ಠ ಪ್ರಾಣಿಯನ್ನು ತಡೆಯಲು ಮುಳ್ಳುತಂತಿಯೇ ತಕ್ಕದ್ದೆಂದು ಹಲವರ ನಂಬಿಕೆ. ಅಮೆರಿಕದ ಜೋಸೆಫ್ ಗ್ಲಿಡನ್ 1874ರಲ್ಲಿ ಪೇಟೆಂಟು ಪಡೆದ ಈ ತಂತಿ ದನವನ್ನು ಹೆದರಿಸುವುದೇನೋ ನಿಜ. ಆದರೆ ಬೆದರಿ ಓಡುವ ಹೋರಿಗೆ ಮುಳ್ಳಿನ ಪರಿವೆಯೆಲ್ಲಿ? ಎದೆ ಸೀಳಿಕೊಂಡು ಹೊರಬಿದ್ದೀತು. ಆಗ ರೈತನ ಉಳುಮೆಯೂ ನಿಂತಿತು, ನೆರೆಯವನ ರಾಗಿಯೂ ಹಾಳಾಯಿತು.

ಬೇಲಿಯ ಬಲವಿರುವುದು ತಂತಿಯ ದಪ್ಪದಲ್ಲಿ, ಬಿಗುವಿನಲ್ಲಿ. ಒಂದೇ ಬಗೆಯ ಉಕ್ಕಾದರೆ, 2 ಮಿಲಿಮೀಟರ್ ತಂತಿಗಿಂತ 4 ಮಿಲಿಮೀಟರಿನದು ಎರಡರಷ್ಟಲ್ಲ, ನಾಲ್ಕರಷ್ಟು ಎಳೆತವನ್ನು ತಾಳುತ್ತದೆ. ಅಂಗಡಿಯಲ್ಲಿ 12 ಗೇಜಿಗಿಂತ 8 ಗೇಜಿನ ತಂತಿಯೇ ದಪ್ಪ. ಈ ತಲೆಕೆಳಗಿನ ಲೆಕ್ಕ ಯಾರಿಗೆ ಹೊಳೆಯಿತೋ! ಸತುವಿನ ಲೇಪ ತೆಳುವಾದರೆ ಎಂಥ ದಪ್ಪ ತಂತಿಯೂ ಬೇಗ ತುಕ್ಕಿಗೆ ತುತ್ತಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಮೂಲೆಯ ಕಂಬ. ನಡುವಣ ಕಂಬಗಳು ತಂತಿಯನ್ನು ಎತ್ತಿ ಹಿಡಿದರೆ ಸಾಕು. ಮೂಲೆಯದಾದರೋ ಎರಡು ಸಾಲುಗಳ ಎಳೆತಕ್ಕೂ ಸಿಕ್ಕಿ ಒಳಕ್ಕೆ ವಾಲುತ್ತದೆ. ನಮ್ಮ ಕಡೆಯ ಕಲ್ಲುಕಂಬ ಎಷ್ಟು ಭಾರವನ್ನಾದರೂ ಹೊರಬಲ್ಲುದು. ಅಡ್ಡ ಎಳೆದರೆ ಮಾತ್ರ ಬಾಗಲಾರದೆ ಮುರಿಯುತ್ತದೆ. ಆದಕಾರಣ ಅದನ್ನು ಆಳವಾಗಿ ಹೂಳಬೇಕು. ಎರಡೂ ಸಾಲುಗಳ ಕಡೆಯಿಂದ ಓರೆಯಾಗಿ ಊರೆಗಂಬ ಕೊಡಬೇಕು. ಬೇಲಿ ಮಲಗಿತೆಂದು ಹೊಸ ತಂತಿ ಕೊಳ್ಳುವವರು ಮೊದಲು ಈ ಮೂಲೆಯನ್ನು ನೋಡುವುದು ಲೇಸು.

ತಂತಿಯನ್ನು ಕಂಬದ ಒಳಮೈಗೆ, ಎಂದರೆ ದನವಿರುವ ಕಡೆಗೆ, ಬಿಗಿಯತಕ್ಕದ್ದು. ಆಗ ಹೋರಿ ಒರಗಿದಷ್ಟೂ ತಂತಿ ಕಂಬಕ್ಕೇ ಒತ್ತಿಕೊಳ್ಳುತ್ತದೆ. ಹೊರಮೈಗೆ ಬಿಗಿದರೆ ಆ ಭಾರವೆಲ್ಲ ಕಟ್ಟಿನ ಮೇಲೆ ಬಿದ್ದು, ಕಟ್ಟುಗಳು ಒಂದೊಂದಾಗಿ ಕಿತ್ತುಬರುತ್ತವೆ.